ಎಣ್ಣೆ ಮೆಷೀನಿನ ಪಕ್ಕದ ಕೆಂಪು ಸ್ಟೂಲು

ಬಸ್ ನಿಲ್ದಾಣದ ಎದುರಿನ ಆ ಬರ್ಗರ್ ಅಂಗಡಿಯಲ್ಲಿ ದೊಡ್ಡಕ್ಕನಿಗಿಂತ ವಯಸ್ಸಾದದ್ದು ಏನಾದರೂ ಇದ್ದರೆ ಅದು ಕಟ್ಟಡದ ಗೋಡೆಯೊಂದೇ. ಕೌಂಟರಿನ ಹುಡುಗಿಯರು, ಬರ್ಗರ್ ಕಟ್ಟುವವರು, ಟೇಬಲ್ ಒರೆಸುವವರು, ಎಲ್ಲರೂ ಮದುವೆಯಾಗಿ ಹೋದ ಅವಳ ಮಗಳ ವಾರಿಗೆಯವರು. ಹಾಗಾಗಿ ದೊಡ್ಡಕ್ಕ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತು. ಕೂದಲಿಗೆ ಅಂಟಿದ ಕರಿದ ಎಣ್ಣೆಯ ವಾಸನೆಯಂತೆ ಅದೂ ತೊಳೆದರೆ ಹೋಗುವಂಥದ್ದಾಗಿರಲಿಲ್ಲ. ಹೋಗಲಿ ಎಂದು ಅವಳೂ ಬಯಸಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಸೊಸೆಯಾಗಿ ಬಂದವಳಿಗೆ ಎಲ್ಲಾದರೂ ಒಂದು ಕಡೆ ದೊಡ್ಡವಳಾಗುವುದು ಇಷ್ಟವೇ ಆಗಿತ್ತು.

ಅದಕ್ಕೆ ಮೊದಲು ಅವಳು ಹೊಲಿಗೆ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಬೆಳಿಗ್ಗೆ ಬೆನ್ನು ಬಗ್ಗಿಸಿ ಕೂತರೆ ಊಟದ ಗಂಟೆ ಹೊಡೆಯುವವರೆಗೂ ತಲೆ ಎತ್ತುವಂತಿರಲಿಲ್ಲ. ಒಂದು ದಿನ ಕಾರ್ಖಾನೆಗೆ ಬೀಗ ಬಿತ್ತು. ಬೀಗ ನೋಡಿ ಉಳಿದವರು ಅತ್ತರು. ಅವಳೂ ಅತ್ತಳು, ಅತ್ತು ಮುಗಿಸಿ, "ಇನ್ನು ಈ ಜನ್ಮದಲ್ಲಿ ಕೂತು ಮಾಡೋ ಕೆಲಸ ಬೇಡಪ್ಪಾ" ಎಂದು ಮೂಗು ಒರೆಸಿಕೊಂಡು ಬರ್ಗರ್ ಅಂಗಡಿಯ ಬಾಗಿಲು ತಟ್ಟಿದಳು. ಆ ಮಾತು ದೇವರ ಕಿವಿಗೆ ಬಿದ್ದಿರಬೇಕು. ಕೇಳಿದ್ದನ್ನು ಕೊಟ್ಟ, ಒಂದು ಹಿಡಿ ಜಾಸ್ತಿಯೇ ಕೊಟ್ಟ.

ಅವಳಿಗೆ ಸಿಕ್ಕಿದ್ದು ಎಣ್ಣೆ ಮೆಷೀನು. ಸೊಂಟದೆತ್ತರದ ಸ್ಟೀಲ್ ಪೆಟ್ಟಿಗೆ, ಒಳಗೆ ಕುದಿಯುವ ಎಣ್ಣೆಯ ಎರಡು ತೊಟ್ಟಿ, ತಂತಿಯ ಬುಟ್ಟಿಗಳು. ಹೆಚ್ಚಿದ ಆಲೂಗಡ್ಡೆಯನ್ನು ಬುಟ್ಟಿಗೆ ಸುರಿದು, ಎಣ್ಣೆಗೆ ಇಳಿಸಿ, ಗುಂಡಿ ಒತ್ತಬೇಕು. ಹದವಾದಾಗ ಮೆಷೀನು ಕುಂಯ್ ಕುಂಯ್ ಎಂದು ಕೂಗುತ್ತದೆ. ಎತ್ತದಿದ್ದರೆ ಕೂಗು ನಿಲ್ಲುವುದೇ ಇಲ್ಲ, ಹಸಿದ ಮಗುವಿನಂತೆ ಗಂಟಲು ಹರಿದುಕೊಳ್ಳುತ್ತದೆ. ಎಡಗಡೆಯದರ ಕೂಗು ಬೇರೆ, ಬಲಗಡೆಯದರ ಕೂಗು ಬೇರೆ. ಬನ್ನು ಬಿಸಿ ಮಾಡುವ ಪೆಟ್ಟಿಗೆಯದು ಇನ್ನೂ ಬೇರೆ. ಮೊದಲ ವಾರ ಅವಳು ಎಡಗಡೆ ಕೂಗಿದರೆ ಬಲಗಡೆಗೆ ಓಡಿದಳು, ಬಲಗಡೆ ಕೂಗಿದರೆ ಬನ್ನಿನ ಬಾಗಿಲು ತೆರೆದಳು. ಆಮೇಲೆ ಕಿವಿಗೂ ಕಾಲಿಗೂ ನೇರ ನೆಂಟಸ್ತನ ಬೆಳೆಯಿತು. ಕೂಗು ಕಿವಿಗೆ ಬೀಳುವ ಮೊದಲೇ ಕಾಲು ಹೊರಟಿರುತ್ತಿತ್ತು, ತಲೆಗೆ ಸುದ್ದಿ ಮುಟ್ಟುತ್ತಿದ್ದದ್ದು ಕೊನೆಗೆ.

ಆ ನೆಂಟಸ್ತನ ಅಂಗಡಿಯ ಹೊರಗೂ ಬಂತು. ಬೀದಿಯಲ್ಲಿ ಲಾರಿ ಹಿಂದಕ್ಕೆ ಹೋಗುವಾಗ ಕುಂಯ್ ಅಂದರೆ, ಮನೆಯಲ್ಲಿ ಬಟ್ಟೆ ಮಡಚುತ್ತಿದ್ದವಳು ಎದ್ದು ನಿಲ್ಲುತ್ತಿದ್ದಳು. ಒಮ್ಮೆ ಬ್ಯಾಂಕಿನಲ್ಲಿ ಟೋಕನ್ ಯಂತ್ರ ಕೂಗಿತೆಂದು ಗಾಜಿನ ಆಚೆಗೆ ಕೈ ಚಾಚಿ, "ಬಂದೆ ಬಂದೆ" ಎಂದಿದ್ದಳು. ಗುಮಾಸ್ತನಿಗೆ ದಿಗಿಲಾಗಿತ್ತು.

ಕೆಲಸ ಕೆಟ್ಟದ್ದೇನಲ್ಲ, ಅದನ್ನು ಹೇಳದಿದ್ದರೆ ಅನ್ಯಾಯ. ಶಾಲೆ ಬಿಡುವ ಹೊತ್ತಿಗೆ ಅಂಗಡಿ ತುಂಬಿ ಬಾಗಿಲಾಚೆಗೂ ಸಾಲು ಬೆಳೆಯುತ್ತಿತ್ತು. ಆಗ ಎಡಬಲ ಎರಡೂ ಬುಟ್ಟಿಗಳನ್ನು ಒಂದರ ಹಿಂದೊಂದು ಎತ್ತಿ, ಕೊಡವಿ, ತಟ್ಟೆಗೆ ಸುರಿದು, ಕೈ ಎತ್ತರಕ್ಕೆ ಹಿಡಿದು ಉಪ್ಪು ಉದುರಿಸುವಾಗ ದೊಡ್ಡಕ್ಕನಿಗೆ ಒಂದು ಅಮಲೇರುತ್ತಿತ್ತು. ಬರ್ಗರ್ ಕಟ್ಟುವವನಿಗೆ ಎಲ್ಲರೂ ಸಾಸು ಎನ್ನುತ್ತಿದ್ದರು, ಅವನ ತೋಳು ಯಾವಾಗಲೂ ಮೊಣಕೈವರೆಗೆ ಕೆಂಪು. ಅವನು ಹಾಡುತ್ತಿದ್ದ, ಕೌಂಟರಿನ ಹುಡುಗಿ ಆರ್ಡರ್ ಕೂಗುತ್ತಿದ್ದಳು, ಇವಳು "ಹೂಂ" ಎನ್ನುತ್ತಿದ್ದಳು. ಮೂವರೂ ಸೇರಿ ಊರಿಗೆ ಊರನ್ನೇ ಉಣ್ಣಿಸುತ್ತಿದ್ದೇವೆ ಅನ್ನಿಸುತ್ತಿತ್ತು. ಮರುಗಳಿಗೆಯಲ್ಲೇ ಯಾವನೋ ಬಂದು, "ಇದೇನು, ಮೆತ್ತಗಿದೆ, ನಾಯಿಗೆ ಹಾಕು" ಎಂದು ಪೊಟ್ಟಣ ಕುಕ್ಕಿ ಹೋಗುತ್ತಿದ್ದ. ಅಮಲಿಳಿಯಲು ಅಷ್ಟು ಸಾಕಿತ್ತು. ಮುಂಗೈ ಮೇಲೆ ಎಣ್ಣೆ ಸಿಡಿದ ಕಲೆಗಳು, ಉಗುರಿನ ಸಂದಿಯಲ್ಲಿ ಉಪ್ಪು, ಮನೆಗೆ ಹೋಗುವ ದಾರಿಯಲ್ಲಿ ವಾಸನೆ ಹಿಡಿದು ಹಿಂಬಾಲಿಸುವ ಬೀದಿ ನಾಯಿಗಳು. ನಾಯಿಗಳಿಗಾದರೂ ತನ್ನ ಬೆಲೆ ಗೊತ್ತಿದೆ ಎಂದು ಅವಳು ನಗುತ್ತಿದ್ದಳು.

ಗಂಡ ಬಸ್ ಡ್ರೈವರ್. ಅವನಿಗೆ ಕೂತು ಕೂತು ಸೊಂಟ ಹಿಡಿದಿತ್ತು, ಇವಳಿಗೆ ನಿಂತು ನಿಂತು ಮಂಡಿ ಹಿಡಿಯಿತು. ಸಂಜೆ ಒಂದೇ ಮುಲಾಮಿನ ಡಬ್ಬಿ ಇಬ್ಬರ ನಡುವೆ ಓಡಾಡುತ್ತಿತ್ತು. "ದೇವರು ನಿನ್ನ ಕಾಲು ನನಗೂ ನನ್ನ ಸೀಟು ನಿನಗೂ ಕೊಟ್ಟಿದ್ರೆ ಆಗ್ತಿತ್ತು ನೋಡು" ಎನ್ನುತ್ತಿದ್ದ ಅವನು. ಅವನ ತಾಯಿ, ಅಂದರೆ ಅತ್ತೆ, ಕಿಟಕಿಯ ಪಕ್ಕ ಕೂತು ಇಬ್ಬರನ್ನೂ ನೋಡಿ, "ಎರಡು ಮುರುಕಲು ಸೇರಿ ಒಂದು ಸಂಸಾರ" ಎಂದು ಗೊಣಗುತ್ತಿದ್ದಳು. ಆಕೆಯ ಬಾಯಿ ಜೋರು. ಆ ಬಾಯಿಗೆ ಬೀದಿಯೇ ಹೆದರುತ್ತಿತ್ತು, ಸೊಸೆ ಮಾತ್ರ ಹೆದರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮಂಡಿ ಮೊದಲು ಮೆಟ್ಟಿಲು ಹತ್ತುವಾಗ ದೂರು ಹೇಳಿತು, ಆಮೇಲೆ ಇಳಿಯುವಾಗ. ಕೊನೆಗೆ ನಿಂತಲ್ಲೇ ಗೊಣಗತೊಡಗಿತು. ಒಂದು ಬೆಳಿಗ್ಗೆ ಅದು ಹಲಸಿನ ಕಾಯಿಯಷ್ಟು ಊದಿಕೊಂಡಾಗ ದೊಡ್ಡಕ್ಕ ಡಾಕ್ಟರಮ್ಮನ ಹತ್ತಿರ ಹೋದಳು.

"ಏನ್ ಕೆಲಸ ಮಾಡ್ತೀರಿ?"

"ನಿಲ್ಲೋ ಕೆಲಸ."

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. "ಬಿಡೋಕಾಗುತ್ತಾ?"

"ಇಲ್ಲ."

"ಹಾಗಾದ್ರೆ ನಡುನಡುವೆ ಕೂತ್ಕೊಳ್ಳಿ. ಒಂದೊಂದು ಬುಟ್ಟಿ ಬೇಯೋವಷ್ಟು ಹೊತ್ತು ಕೂತ್ರೂ ಸಾಕು. ಕೂರಲ್ಲ ಅಂದ್ರೆ ಮುಂದೆ ನಿಲ್ಲೋಕೂ ಆಗಲ್ಲ, ಈಗಲೇ ಹೇಳಿದ್ದೀನಿ."

ಆಗಿನ ಮ್ಯಾನೇಜರ್ ಡೊಳ್ಳು ಹೊಟ್ಟೆಯ ಒಳ್ಳೆಯ ಮನುಷ್ಯ. ಖಾಲಿಯಾದ ಎಣ್ಣೆ ಟಿನ್ ಒಂದನ್ನು ಕಾಲಿನಿಂದ ತಳ್ಳಿ, "ಇದನ್ನ ಬೋರಲು ಹಾಕ್ಕೊಳ್ಳಿ. ನೀವು ಕೂತಿಲ್ಲ, ನಾನು ನೋಡಿಲ್ಲ" ಎಂದ. ಅವಳು ಬುಟ್ಟಿ ಇಳಿಸಿ ಕೂರುತ್ತಿದ್ದಳು, ಕೂಗಿದಾಗ ಏಳುತ್ತಿದ್ದಳು. ಊತ ಇಳಿಯಿತು. ಆದರೆ ಒಳ್ಳೆಯವರು ಒಂದೇ ಕಡೆ ಬಹಳ ದಿನ ಇರುವುದಿಲ್ಲ. ಅವನು ವರ್ಗವಾಗಿ ಹೋದ, ಹೊಸಬ ಬಂದ.

ಹೊಸ ಮ್ಯಾನೇಜರಿಗೆ ಎಲ್ಲರೂ ಇಟ್ಟ ಹೆಸರು ಟೈ ಸಾರ್. ಅಂಗಡಿಯ ಬಿಸಿಯಲ್ಲಿ ಗೋಡೆಯೇ ಬೆವರುತ್ತಿದ್ದರೂ ಅವನ ಟೈ ಸಡಿಲವಾಗುತ್ತಿರಲಿಲ್ಲ. ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ: "ನನ್ನದು ಒಂದೇ ಮಾತು. ಕೂತವರಿಗೆ ಕೆಲಸ ಕಾಣಲ್ಲ." ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಟಿನ್ ಗುಜರಿಯವನ ಗಾಡಿ ಹತ್ತಿತ್ತು.

ದೊಡ್ಡಕ್ಕ ಮರುದಿನ ಬನ್ನು ಬರುವ ಪ್ಲಾಸ್ಟಿಕ್ ಕ್ರೇಟ್ ಮೇಲೆ ಕೂತಳು. ಕ್ರೇಟ್‌ಗಳೆಲ್ಲ ಹಿತ್ತಿಲಿನ ಶೆಡ್ಡಿಗೆ ಹೋದವು. ಅವಳು ಆಲೂಗಡ್ಡೆ ಚೀಲದ ಮೇಲೆ ಕೂತಳು. ಚೀಲಗಳನ್ನು ಅವಳ ತಲೆಗಿಂತ ಎತ್ತರಕ್ಕೆ ಪೇರಿಸಲಾಯಿತು. ಸರಿ, ಹಾಗಾದರೆ ಹೀಗೇ ಆಗಲಿ ಎಂದು ಅವಳು ಮನೆಯ ಬಚ್ಚಲಿನಲ್ಲಿದ್ದ ಕೆಂಪು ಪ್ಲಾಸ್ಟಿಕ್ ಸ್ಟೂಲನ್ನು ಉಜ್ಜಿ ತೊಳೆದು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದು, ಎಣ್ಣೆ ಮೆಷೀನಿನ ಪಕ್ಕ ಇಟ್ಟಳು.

"ಇದೇನಿದು?" ಎಂದ ಟೈ ಸಾರ್.

"ಸ್ಟೂಲು ಸಾರ್."

"ಅದು ಕಾಣುತ್ತೆ. ಇಲ್ಲಿಗ್ಯಾಕೆ ಬಂತು?"

"ಅದಾಗೇ ಬರಲಿಲ್ಲ ಸಾರ್, ನಾನು ತಂದೆ. ಮಂಡಿ ನೋವು. ಡಾಕ್ಟರು ಕೂರಬೇಕು ಅಂದಿದ್ದಾರೆ. ಕೆಲಸ ಒಂಚೂರೂ ತಪ್ಪಲ್ಲ."

"ನೋಡಿ ದೊಡ್ಡಕ್ಕ, ಅಡುಗೆಮನೆಗೆ ಇರೋದು ಗಾಜಿನ ಗೋಡೆ. ಗಿರಾಕಿಗಳಿಗೆ ಎಲ್ಲಾ ಕಾಣುತ್ತೆ. ಒಬ್ರು ಕೂತಿದ್ರೆ ಏನಂದ್ಕೋತಾರೆ?"

"ಕಾಲು ನೋವಿರಬೇಕು ಅಂದ್ಕೋತಾರೆ."

"ಸೋಮಾರಿಗಳು ಅಂದ್ಕೋತಾರೆ! ಕೂತು ತಿನ್ನೋರಿಗೆ ಕುಡಿಕೆ ಹೊನ್ನೂ ಸಾಲದು ಅಂತ ಗಾದೆ ಕೇಳಿಲ್ವಾ?"

"ಕೇಳಿದ್ದೀನಿ ಸಾರ್. ಆದ್ರೆ ಕೂತು ತಿನ್ನೋರಿಂದ್ಲೇ ಅಲ್ವಾ ನಮ್ಮ ಅಂಗಡಿ ನಡೀತಿರೋದು?"

ಸಾಸು ನಕ್ಕ ರಭಸಕ್ಕೆ ಅವನ ಕೈಯ ಬರ್ಗರ್ ಬಾಯ್ದೆರೆಯಿತು. ಕೌಂಟರಿನ ಹುಡುಗಿ ಗಿರಾಕಿಗಳತ್ತ ತಿರುಗಿ ನಗು ಅಡಗಿಸಿಕೊಂಡಳು. ಟೈ ಸಾರ್‌ನ ಕಿವಿ ಕೆಂಪಾಯಿತು. ಸ್ಟೂಲನ್ನು ಎತ್ತಿ ಕಂಕುಳಲ್ಲಿರಿಸಿಕೊಂಡು, "ಇವತ್ತು ಸ್ಟೂಲ್ ಮೇಲೆ ಕೂರಿಸಿದ್ರೆ ನಾಳೆ ನನ್ನ ತಲೆ ಮೇಲೆ ಕೂರ್ತೀರಿ. ಈ ಅಂಗಡೀಲಿ ಕೂರೋದು ಗಿರಾಕಿಗಳು ಮಾತ್ರ. ನಿಂತು ಮಾಡೋಕೆ ಆಗಲ್ಲ ಅಂದ್ರೆ ಹೇಳಿ, ಬೇರೆಯವರನ್ನ ನೋಡ್ಕೋತೀನಿ" ಎಂದು ಹೇಳಿ, ಅದನ್ನು ತನ್ನ ಆಫೀಸಿನೊಳಗಿಟ್ಟು ಬಾಗಿಲು ಹಾಕಿಕೊಂಡ. ಆಫೀಸು ಅಂದರೆ ದೊಡ್ಡದೇನಲ್ಲ. ಮೆಟ್ಟಿಲ ಕೆಳಗಿನ ಗೂಡು, ಅದರಲ್ಲಿ ಗೋಡೆಗೆ ಹೊಡೆದ ಹಲಗೆ, ಹಲಗೆಯ ಮೇಲೊಂದು ಕಂಪ್ಯೂಟರ್.

ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಅನುಕೂಲ ಅವಳ ಮನೆಯಲ್ಲಿರಲಿಲ್ಲ. ಸ್ಟೂಲು ಬೇಡ ಎಂದರೆ ಮಂಡಿ ಹೋಗುತ್ತದೆ, ಬೇಕು ಎಂದರೆ ಕೆಲಸ ಹೋಗುತ್ತದೆ. ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಗಂಡ ಮುಲಾಮಿನ ಡಬ್ಬಿ ಮುಚ್ಚುತ್ತಾ, "ಸುಮ್ನಿರು ಮಾರಾಯ್ತಿ. ನೀರಲ್ಲಿದ್ದು ಮೊಸಳೆ ಜೊತೆ ಜಗಳ ಯಾಕೆ?" ಎಂದ.

ಅತ್ತೆಗೆ ಮಾತ್ರ ಮೈ ಉರಿದುಹೋಯಿತು. "ನನ್ನೆದುರು ಕೂರಬೇಡ ಅಂತ ಅತ್ತೆಯಾಗಿ ನಾನೇ ಯಾವತ್ತೂ ಅಂದಿಲ್ಲ. ಆ ಮೀಸೆ ಬಲಿಯದವನು ಅಂತಾನಾ? ಏನಂದ ಅವನು, ಇನ್ನೊಂದು ಸಲ ಹೇಳೇ."

"ಕೂರೋದು ಗಿರಾಕಿಗಳು ಮಾತ್ರ ಅಂದ ಅತ್ತೆ."

"ಅಷ್ಟೇ ತಾನೆ? ನಿನಗೆ ರಜಾ ಯಾವತ್ತು?"

ರಜೆಯ ದಿನ ಅತ್ತೆ ಸೊಸೆ ಇಬ್ಬರೂ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು ಬರ್ಗರ್ ಅಂಗಡಿಗೆ ಹೊರಟರು. ದೊಡ್ಡಕ್ಕ ಜೀವನದಲ್ಲಿ ಮೊದಲ ಸಲ ಅದರ ಮುಂಬಾಗಿಲಿನಿಂದ ಒಳಗೆ ಹೋದಳು. ಕೆಲಸದವರಿಗೆ ಇದ್ದದ್ದು ಕಸದ ಡಬ್ಬಿಗಳ ಪಕ್ಕದ ಹಿಂಬಾಗಿಲು. ಕೌಂಟರಿನ ಹುಡುಗಿ ಕಣ್ಣರಳಿಸಿ, "ದೊಡ್ಡಕ್ಕಾ! ನೀವಾ?" ಎಂದು ಪಿಸುಗುಟ್ಟಿದಳು. "ದೊಡ್ಡಕ್ಕ ಅಲ್ಲ, ಗಿರಾಕಿ. ಎರಡು ಟೀ, ಒಂದು ಫ್ರೈ" ಎಂದಳು ಅತ್ತೆ.

ಗಾಜಿನ ಗೋಡೆಗೆ ಎದುರಾಗಿದ್ದ ಟೇಬಲ್ ಹಿಡಿದು ಕೂತರು. ಮೆತ್ತನೆಯ ಸೀಟು. ಇಷ್ಟು ವರ್ಷ ತಾನು ಗಾಜಿನ ಒಳಗಿಂದ ನೋಡಿದ ಸೀಟು ಇಷ್ಟು ಮೆತ್ತಗಿದೆ ಎಂದು ದೊಡ್ಡಕ್ಕನಿಗೆ ಅವತ್ತೇ ಗೊತ್ತಾದದ್ದು. ಅತ್ತೆ ಒಂದು ಫ್ರೈ ಎತ್ತಿ ಬೆಳಕಿಗೆ ಹಿಡಿದು, ಬಾಯಿಗೆ ಹಾಕಿಕೊಂಡು ಅಗಿದು, "ಇಷ್ಟಕ್ಕೇನಾ ನಿನ್ನ ಮಂಡಿ ಸವೆದದ್ದು?" ಎಂದು ಕೇಳಿದಳು.

ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಮ್ಯಾನೇಜರ್ ಪ್ರತಿ ಟೇಬಲ್ಲಿಗೂ ಹೋಗಿ ತಲೆ ಬಾಗಿಸಿ, ಏನಾದರೂ ಕೊರತೆ ಇದೆಯೇ ಎಂದು ಕೇಳಲೇಬೇಕು. ಮೇಲಿನವರು ಒಮ್ಮೊಮ್ಮೆ ಗಿರಾಕಿಗಳ ವೇಷದಲ್ಲಿ ತಮ್ಮವರನ್ನು ಕಳಿಸುತ್ತಾರೆ, ಯಾರು ಏನೆಂದು ಗೊತ್ತಾಗುವುದಿಲ್ಲ. ಹಾಗಾಗಿ ಟೈ ಸಾರ್ ಒಂದು ಟೇಬಲ್ಲನ್ನೂ ಬಿಡುತ್ತಿರಲಿಲ್ಲ. ಇವರ ಬಳಿಗೂ ಬಂದ, ಬಾಗಿದ.

"ನಮಸ್ಕಾರ ಮೇಡಂ. ಎಲ್ಲಾ ಸರಿಯಾಗಿದೆಯಾ? ಏನಾದ್ರೂ ಕೊರತೆ..." ಎಂದು ತಲೆ ಎತ್ತಿದವನು ಆಗಷ್ಟೇ ಅವಳ ಮುಖ ನೋಡಿದ.

"ಇದೆ ಸಾರ್" ಎಂದಳು ದೊಡ್ಡಕ್ಕ, ಪಕ್ಕದ ಟೇಬಲ್ಲಿನವರಿಗೂ ಕೇಳಿಸುವಂತೆ. "ಆ ಎಣ್ಣೆ ಮೆಷೀನ್ ಪಕ್ಕ ಒಂದು ಸ್ಟೂಲಿನ ಕೊರತೆ ಇದೆ."

ಅಷ್ಟರಲ್ಲಿ ಒಳಗೆ ಎಡಗಡೆ ಬುಟ್ಟಿ ಕೂಗಿತು. ಇವಳ ರಜೆಯ ದಿನ ಸಾಸುವೇ ಬರ್ಗರ್ ಕಟ್ಟಿ ಬುಟ್ಟಿಯನ್ನೂ ಎತ್ತಬೇಕು, ಅವನ ಕೈಗೆ ಬಿಡುವಿರಲಿಲ್ಲ. ಕುಂಯ್, ಕುಂಯ್. ಆಮೇಲೆ ಏನಾಯಿತು ಎಂದು ದೊಡ್ಡಕ್ಕನನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. ತಲೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಅವಳು ಕೌಂಟರಿನ ಪಕ್ಕದ ಪುಟ್ಟ ಬಾಗಿಲು ತಳ್ಳಿ ಒಳಗೆ ಹೋಗಿ, ಒಳ್ಳೆಯ ಬಟ್ಟೆಯಲ್ಲೇ ಬುಟ್ಟಿ ಎತ್ತಿ, ಕೊಡವಿ, ಸುರಿದು, ಎತ್ತರದಿಂದ ಉಪ್ಪು ಉದುರಿಸುತ್ತಿದ್ದಳು. ಗಾಜಿನ ಆಚೆ ಜನ ಬೆರಗಾಗಿ ನೋಡುತ್ತಿದ್ದರು. ಯಾರೋ ಚಪ್ಪಾಳೆ ತಟ್ಟಿದರು. ಅತ್ತೆ ಹಣೆ ಚಚ್ಚಿಕೊಂಡಳು.

ಟೈ ಸಾರ್ ಆ ಅಂಗಡಿಗೆ ಬಂದ ಮೇಲೆ ಮೊದಲ ಸಲ ಮನಸಾರೆ ನಕ್ಕ. "ನೋಡಿದ್ರಾ? ಮೆತ್ತನೆ ಸೀಟ್ ಕೊಟ್ರೂ ನಿಮಗೇ ಕೂರೋಕೆ ಬರಲ್ಲ. ಇನ್ನು ಸ್ಟೂಲ್ ತಗೊಂಡು ಏನ್ಮಾಡ್ತೀರಿ? ಅಂದಹಾಗೆ ತಲೆಗೆ ಟೋಪಿ ಇಲ್ಲದೆ ಅಡುಗೆಮನೆಗೆ ಬರಬಾರದು, ನೆನಪಿರಲಿ."

ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂದಿತ್ತು, ಅದೂ ಟೈ ಸಾರ್ ಮೇಲಲ್ಲ, ತನ್ನ ಕಾಲಿನ ಮೇಲೆ. ಸಂಬಳ ಕೊಡುವವರು ತನ್ನ ದಿನವನ್ನು ಕೊಂಡುಕೊಂಡಿದ್ದಾರೆ, ಅದು ಒಪ್ಪಿದ ಮಾತು. ಆದರೆ ಕಾಲನ್ನು ಯಾವಾಗ ಕೊಂಡುಕೊಂಡರು? ರಜೆಯ ದಿನ, ತನ್ನದೇ ದುಡ್ಡಿನ ಟೀ ಎದುರಿಗಿರುವಾಗ, ಒಂದು ಡಬ್ಬಿ ಕೂಗಿದರೆ ತಾನು ಎದ್ದು ಓಡುವುದೆಂದರೇನು? ಅವಳು ಮಂಡಿಗೆ ಒಂದು ಗುದ್ದು ಕೊಟ್ಟಳು. ನೋವಾಯಿತು, ಇನ್ನಷ್ಟು ಸಿಟ್ಟು ಬಂತು.

"ಅತ್ತೆ, ನನಗೆ ಕೂರೋದು ಕಲಿಸಿ" ಎಂದಳು.

ಸೊಸೆಯನ್ನು ಏಳು ಏಳು ಎಂದು ಬೈದು ಎಬ್ಬಿಸುವ ಅತ್ತೆಯರು ಲೋಕದಲ್ಲಿ ಬೇಕಾದಷ್ಟು. ಕೂರು ಕೂರು ಎಂದು ಬೈದವಳು ಇವಳೊಬ್ಬಳೇ ಇರಬೇಕು. ಕೆಲಸದಿಂದ ಬಂದು ಕೈಕಾಲು ತೊಳೆದ ಕೂಡಲೇ ದೊಡ್ಡಕ್ಕನ ಪಾಠ ಶುರು. ಅವಳು ಕುರ್ಚಿಯಲ್ಲಿ ಕೂರುವಳು, ಅತ್ತೆ ಹಿಂದಿನಿಂದ ಬಂದು ಮೊಬೈಲ್ ಅಲಾರಂ ಕುಂಯ್ ಅನ್ನಿಸುವಳು. ಇವಳು ದಡಕ್ಕನೆ ಏಳುವಳು. "ಕೂತ್ಕೊಳ್ಳೇ! ನಿನ್ನಜ್ಜಿ ಕರೆದ್ಲಾ?" ಎಂದು ಅತ್ತೆ ಹೆಗಲು ಹಿಡಿದು ಅದುಮುವಳು. ಮತ್ತೆ ಕುಂಯ್, ಮತ್ತೆ ಏಳುವುದು, ಮತ್ತೆ ಬೈಗುಳ. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಲಾರಿ ಹಿಂದೆ ಹೋಗುವ ಸದ್ದನ್ನು ಬಾಯಲ್ಲೇ ಮಾಡುವನು. ಮೊಸಳೆಯ ಜೊತೆ ಜಗಳ ಬೇಡವೆಂದವನು ಈಗ ಅದರಲ್ಲೇ ಮೈಮರೆತಿದ್ದ. ಪಕ್ಕದ ಮನೆಯವರು ಗೋಡೆ ತಟ್ಟಿದರು.

ಹತ್ತಾರು ಸಲ ಸೋತ ಮೇಲೆ ಅತ್ತೆಗೇ ಉಪಾಯ ಹೊಳೆಯಿತು. "ಬರೀ ಬಿಗಿ ಹಿಡಿದ್ರೆ ಆಗಲ್ಲ ಕಣೇ. ಕೂಗಿಗೆ ಕಾಲು ಉತ್ತರ ಕೊಡ್ತಿದೆ, ಆ ಉತ್ತರವನ್ನ ಬಾಯಿಗೆ ವಹಿಸು. ಕಾಲು ಏಳೋ ಮುಂಚೆ ಬಾಯಿ ತೆರೆದು 'ಎತ್ತಿ' ಅನ್ನು. ನನ್ನನ್ನ ನೋಡು, ಇಷ್ಟು ವರ್ಷ ಈ ಕಿಟಕಿ ಪಕ್ಕ ಕೂತೇ ಮನೆ ನಡೆಸಿಲ್ವಾ?"

ಅಷ್ಟು ಹೊತ್ತಿಗೆ ಕುಕ್ಕರ್ ಕೂಗಿತು. ದೊಡ್ಡಕ್ಕನ ಹಿಮ್ಮಡಿ ನೆಲ ಬಿಟ್ಟಿತು. ಹಲ್ಲು ಕಚ್ಚಿ, "ರೀ, ಎತ್ತಿ!" ಎಂದಳು. ಗಂಡ ಹೋಗಿ ಕುಕ್ಕರ್ ಇಳಿಸಿದ. ಅವಳು ಕೂತೇ ಇದ್ದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮನೆಯಲ್ಲಿ ಅಂಥದ್ದೊಂದು ನಡೆದದ್ದು ಅದೇ ಮೊದಲು.

ಮುಂದಿನ ರಜೆಗೆ ಗಂಡನೂ ಜೊತೆಗೆ ಬಂದ, ಡ್ಯೂಟಿ ಮುಗಿಸಿ ಅದೇ ಸಮವಸ್ತ್ರದಲ್ಲಿ. ಶಾಲೆ ಬಿಡುವ ಹೊತ್ತು, ಅಂಗಡಿ ಗಿಜಿಗುಟ್ಟುತ್ತಿತ್ತು. ಅದೇ ಟೇಬಲ್, ಅದೇ ಮೆತ್ತನೆ ಸೀಟು. ಕೌಂಟರಿನ ಹುಡುಗಿ ಟ್ರೇ ಇಡುವ ನೆಪದಲ್ಲಿ ಬಗ್ಗಿ, "ದೊಡ್ಡಕ್ಕ, ಬೇಡ. ಈ ಸಲ ನಿಮ್ಮನ್ನ ತೆಗೆದುಹಾಕ್ತಾರೆ" ಎಂದಳು. ಹುಡುಗಿಯ ಕಣ್ಣಲ್ಲಿ ನಿಜವಾದ ಹೆದರಿಕೆಯಿತ್ತು. ದೊಡ್ಡಕ್ಕ ಹುಡುಗಿಯ ಕೈ ತಟ್ಟಿ, "ಟೀಗೆ ಸಕ್ಕರೆ ಕಮ್ಮಿ ಇದೆ, ತಂದ್ಕೊಡು" ಎಂದಷ್ಟೇ ಹೇಳಿದಳು.

ಟೈ ಸಾರ್ ಅವರ ಟೇಬಲ್ಲನ್ನು ಬಿಟ್ಟು ಅತ್ತಿತ್ತ ಸುಳಿದಾಡಿದ. ಆದರೆ ಮೂಲೆಯಲ್ಲಿ ಕೋಟು ತೊಟ್ಟವನೊಬ್ಬ ಒಬ್ಬನೇ ಕೂತು ಎಲ್ಲವನ್ನೂ ದಿಟ್ಟಿಸುತ್ತಿದ್ದ. ಮೇಲಿನವರು ಕಳಿಸಿದವನಿರಬಹುದು. (ಅವನು ಬಸ್ ಕಾಯುತ್ತಿದ್ದ ಅಷ್ಟೇ ಎಂದು ಆಮೇಲೆ ತಿಳಿಯಿತು.) ಬೇರೆ ದಾರಿಯಿಲ್ಲದೆ ಟೈ ಸಾರ್ ಬಂದ. ಬಾಗುವಾಗ ಅವನ ಕುತ್ತಿಗೆ ಗಂಟು ಬಿದ್ದ ಹಗ್ಗದ ಹಾಗೆ ಬಿಗಿದಿತ್ತು.

"ಏನಾದ್ರೂ ಕೊರತೆ ಇದೆಯಾ ಮೇಡಂ?"

"ಹೋದ ಸಲ ಹೇಳಿದ್ದೇ ಸಾರ್. ಇನ್ನೂ ಬಂದಿಲ್ಲ."

"ಅದು ಆಗಲ್ಲ ಅಂತ..."

ಎಡಗಡೆ ಬುಟ್ಟಿ ಕೂಗಿತು.

ಸಾಸು ತಲೆ ಎತ್ತಿ ನೋಡಿದ. ಅವನ ಮುಂದೆ ಬಾಯ್ದೆರೆದ ಬರ್ಗರ್‌ಗಳ ಸಾಲೇ ಇತ್ತು. ಗಾಜಿನಾಚೆ ಕೂತ ದೊಡ್ಡಕ್ಕನನ್ನು ನೋಡಿದ, ಮತ್ತೆ ತಲೆ ತಗ್ಗಿಸಿ ಬಹಳ ನಿಧಾನವಾಗಿ ಒಂದು ಬನ್ನಿಗೆ ಸಾಸು ಬಳಿಯತೊಡಗಿದ. ಕೌಂಟರಿನ ಹುಡುಗಿ ಸಾಲಿನತ್ತ ತಿರುಗಿ, ಕಲಿಸಿದ ನಗು ನಕ್ಕು, "ಮುಂದಿನವರು ಬನ್ನಿ" ಎಂದಳು. ಕುಂಯ್, ಕುಂಯ್, ಕುಂಯ್. ಟೇಬಲ್ಲುಗಳಲ್ಲಿದ್ದವರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿ ಅತ್ತ ತಿರುಗಿದರು.

ಟೈ ಸಾರ್ ದೊಡ್ಡಕ್ಕನನ್ನೇ ನೋಡುತ್ತಾ ಕಾದ. ಅವನ ತುಟಿಯ ಕೊನೆಯಲ್ಲಿ ಆ ಹಳೆಯ ನಗು ಮೂಡುತ್ತಿತ್ತು. ಅವಳ ಹಿಮ್ಮಡಿ ಎದ್ದಿತು. ಮಂಡಿ ಎದ್ದಿತು. ಗಂಡ ಉಸಿರು ಬಿಗಿಹಿಡಿದ. ಅತ್ತೆ ಮಾತ್ರ ಏನೂ ಆಗಿಲ್ಲವೆಂಬಂತೆ ಫ್ರೈ ಅಗಿಯುತ್ತಿದ್ದಳು, ಆದರೆ ಟೇಬಲ್ಲಿನ ಕೆಳಗೆ ಅವಳ ಕೈ ಸೊಸೆಯ ತೊಡೆಯ ಮೇಲಿತ್ತು. ಒತ್ತಲಿಲ್ಲ, ಸುಮ್ಮನೆ ಇಟ್ಟಿದ್ದಳು.

"ಎತ್ತಿ" ಎಂದಳು ದೊಡ್ಡಕ್ಕ.

"ಏನು?"

"ಕೂತವರಿಗೆ ಕೆಲಸ ಕಾಣಲ್ಲ ಅಂತೀರಲ್ಲ ಸಾರ್. ನನಗೆ ಕೂತಲ್ಲಿಂದ್ಲೇ ಚೆನ್ನಾಗಿ ಕಾಣ್ತಿದೆ. ಎಡಗಡೆ ಬುಟ್ಟಿ. ಸೀದು ಹೋಗ್ತಿದೆ. ಎತ್ತಿ."

ಹಿಮ್ಮಡಿ ನೆಲಕ್ಕೆ ಇಳಿಯಿತು. ಕೋಟಿನವನು ಕತ್ತು ಚಾಚಿ ನೋಡುತ್ತಿದ್ದ. ಟೈ ಸಾರ್ ಒಂದು ಸಲ ಅವನತ್ತ, ಒಂದು ಸಲ ಇವಳತ್ತ ನೋಡಿ, ಓಡಿದ. ಬುಟ್ಟಿ ಎತ್ತುವ ಹೊತ್ತಿಗೆ ಫ್ರೈ ಇದ್ದಿಲಾಗಿತ್ತು. ಅಷ್ಟರಲ್ಲಿ ಬಲಗಡೆ ಕೂಗಿತು, ಅದನ್ನೆತ್ತುವಾಗ ಬನ್ನಿನ ಪೆಟ್ಟಿಗೆ ಕೂಗಿತು. ಬಾಗಿಲಾಚೆ ಸಾಲು ಬೆಳೆಯುತ್ತಲೇ ಇತ್ತು. ಟೈ ಸಡಿಲವಾಯಿತು, ಆಮೇಲೆ ಭುಜದ ಹಿಂದಕ್ಕೆ ಹೋಯಿತು, ಕೊನೆಗೆ ಜೇಬು ಸೇರಿತು. ದೊಡ್ಡಕ್ಕ ಎರಡನೆಯ ಟೀ ತರಿಸಿಕೊಂಡಳು. ಕೂಗಿದಾಗಲೆಲ್ಲ ಅವಳ ಕಾಲು ಸ್ವಲ್ಪ ಅದುರುತ್ತಿತ್ತು, ಆದರೆ ಅವಳು ಏಳಲಿಲ್ಲ. ಸಾಲು ಕರಗುವವರೆಗೆ ಕೂತು, ಟೀ ಮುಗಿಸಿ, ಬಾಯಿ ಒರೆಸಿಕೊಂಡು, ತನಗೆ ಬೇಕೆನಿಸಿದಾಗ ಎದ್ದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ, ಕೆಲಸ ಇದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಇಲ್ಲ ಎನ್ನುವುದಾದರೆ ಎದುರಿಗೆ ನಿಂತು ಹೇಳಲಿ, ತನ್ನ ಸ್ಟೂಲು ತನಗೆ ಕೊಡಲಿ ಎಂದುಕೊಂಡಳು. ಮುಂಬಾಗಿಲಿನಿಂದಲೇ ಒಳಗೆ ಹೋದಳು. ಸಾಸು ಈರುಳ್ಳಿ ಹೆಚ್ಚುತ್ತಿದ್ದ, ಕೌಂಟರಿನ ಹುಡುಗಿ ಟ್ರೇ ಒರೆಸುತ್ತಿದ್ದಳು. ಇಬ್ಬರೂ ಮೆಟ್ಟಿಲ ಕೆಳಗಿನ ಬಾಗಿಲತ್ತ ಕಣ್ಣು ಹಾಯಿಸಿದರು. ದೊಡ್ಡಕ್ಕ ಹೋಗಿ, ತಟ್ಟದೆ, ಬಾಗಿಲು ತೆರೆದಳು.

ಟೈ ಸಾರ್ ಅವಳ ಕೆಂಪು ಸ್ಟೂಲಿನ ಮೇಲೆ ಕೂತಿದ್ದ. ಬೂಟು ಬಿಚ್ಚಿಟ್ಟು, ಒಂದು ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಹೆಬ್ಬೆರಳಿನಿಂದ ಹಿಮ್ಮಡಿ ಒತ್ತಿಕೊಳ್ಳುತ್ತಿದ್ದ. ಆ ಗೂಡಿನಲ್ಲಿ ಬೇರೆ ಕುರ್ಚಿಯೇ ಇರಲಿಲ್ಲ. ಅವಳನ್ನು ಕಂಡು ಪಾದ ಕೆಳಗಿಳಿಸಲು ಹೋದ, ನೋವಿಗೆ ಮುಖ ಕಿವುಚಿದ.

"ನನಗೂ... ನನಗೂ ಕುರ್ಚಿ ಕೊಟ್ಟಿಲ್ಲ ದೊಡ್ಡಕ್ಕ" ಎಂದ. ಟೈ ಇಲ್ಲದ ಕುತ್ತಿಗೆಯಲ್ಲಿ ಅವನು ಇನ್ನೂ ಚಿಕ್ಕವನಾಗಿ ಕಂಡ. "ಕೇಳಿದ್ರೆ ಮೇಲಿನವರು ಏನಂತಾರೋ ಅಂತ..."

ಅವಳಿಗೆ ಅಯ್ಯೋ ಅನಿಸಿತು. ಅನಿಸಿದರೂ ಬಾಗಿಲು ಬಿಟ್ಟು ಸರಿಯಲಿಲ್ಲ. ಅಯ್ಯೋ ಅನಿಸಿದಾಗಲೆಲ್ಲ ಸರಿಯುತ್ತಾ ಹೋಗಿದ್ದರಿಂದಲೇ ತಾನೆ ಇಷ್ಟು ವರ್ಷ ನಿಂತದ್ದು.

"ಏಳಿ ಸಾರ್" ಎಂದಳು.

ಅವನು ಎದ್ದ.

"ನಿಮಗೆ ನಾಳೆ ಇನ್ನೊಂದು ತಂದ್ಕೊಡ್ತೀನಿ. ನಮ್ಮ ಬಚ್ಚಲಲ್ಲಿ ನೀಲಿ ಬಣ್ಣದ್ದಿದೆ. ಇದು ನಂದು."

ಸ್ಟೂಲನ್ನು ಎತ್ತಿಕೊಂಡು, ಟೇಬಲ್ಲುಗಳ ನಡುವಿನಿಂದಲೇ ನಡೆದು, ಗಾಜಿನ ಗೋಡೆಯ ಹಿಂದೆ ಎಣ್ಣೆ ಮೆಷೀನಿನ ಪಕ್ಕ ಇಟ್ಟಳು. ಟೋಪಿ ಹಾಕಿಕೊಂಡಳು. ಮೊದಲ ಬುಟ್ಟಿ ತುಂಬಿ, ಎಣ್ಣೆಗೆ ಇಳಿಸಿ, ಗುಂಡಿ ಒತ್ತಿ, ಎಲ್ಲರಿಗೂ ಕಾಣುವ ಹಾಗೆ ಕೂತಳು. ಬುಟ್ಟಿ ಕೂಗಿತು. ಅವಳು ಎದ್ದಳು, ಎತ್ತಿದಳು, ಉಪ್ಪು ಉದುರಿಸಿದಳು. ಮತ್ತೆ ಕೂತಳು.